ಅರಿಶಿನ ಕುಡಿದ ಜೀಪು

ಬಿಸಿ ಇಂಜಿನ್ನಿನಲ್ಲಿ ಕುದಿದ ಅರಿಶಿನಕ್ಕೆ ಬೇರೆಯದೇ ಒಂದು ವಾಸನೆ. ಸಾರಿನ ಪಾತ್ರೆಯಿಂದ ಏಳುವ ವಾಸನೆಯಂತಲ್ಲ ಅದು. ತುಕ್ಕು, ಕಾದ ರಬ್ಬರು, ಹಳೆಯ ಹಿತ್ತಾಳೆ ಎಲ್ಲದರ ಜೊತೆ ಬೆರೆತು ಹಬೆಯ ಮೇಲೆ ಕೂತು ಬಂದು ನೇರ ಮೂಗಿನ ಬುಡಕ್ಕೆ ಹೊಡೆಯುತ್ತದೆ. ಹೋದ ತಿಂಗಳು ಜಾವಳಿ ಕಡೆಯ ಹುಡುಗನೊಬ್ಬ ತನ್ನ ಹಳೇ ಜೀಪನ್ನು ದಾರಿಯಲ್ಲಿ ಮೂರು ಕಡೆ ನಿಲ್ಲಿಸಿ, ನೀರು ಕುಡಿಸಿ, ಹೇಗೋ ನನ್ನ ಶೆಡ್ಡಿನವರೆಗೆ ತಂದಿದ್ದ. ಚಿಕ್ಕಮಗಳೂರಿನಿಂದ ಗಿರಿಗೆ ಹೋಗುವ ರಸ್ತೆಯ ಬದಿಯಲ್ಲಿ ನನ್ನ ಶೆಡ್ಡು. ಇಂಜಿನ್ ಬಿಸಿಯಾಗುವ ಗಾಡಿಗಳಷ್ಟೇ ನನ್ನ ಕೆಲಸ, ಬೇರೆಯದನ್ನು ಮುಟ್ಟುವುದಿಲ್ಲ. ಬಾನೆಟ್ ಎತ್ತಿ ಸುಮಾರು ಹೊತ್ತು ಬಿಟ್ಟೆ. ಆಮೇಲೆ ರೇಡಿಯೇಟರಿನ ಮುಚ್ಚಳದ ಮೇಲೆ ಒದ್ದೆ ಗೋಣಿ ಹಾಕಿ ಅರ್ಧ ಸುತ್ತು ತಿರುಗಿಸಿದೆ. ಬುಸ್ಸೆಂದು ಉಸಿರು ಬಿಟ್ಟಿತು. ಮುಚ್ಚಳ ತೆಗೆದೆ. ಒಳಗೆ ನೋಡುವ ಅಗತ್ಯವೇ ಬೀಳಲಿಲ್ಲ, ಮೂಗಿಗೆ ಎಲ್ಲ ತಿಳಿಯಿತು. "ಇದಕ್ಕೆ ಅರಿಶಿನ ಹಾಕಿದ್ದು ಯಾರಪ್ಪ?" ಎಂದು ಕೇಳಿದೆ. ಹುಡುಗ ತಲೆ ಕೆರೆದುಕೊಂಡು, "ನಾನು ಒಂದೇ ಸಲ ಅಣ್ಣ, ಒಂದು ಚೂರು. ಆಮೇಲೆ ಹಾಕಿಲ್ಲ" ಎಂದ. ನನಗೆ ನಗು ಬಂತು. ನಗುವಿನ ಹಿಂದೆಯೇ ಇನ್ನೇನೋ ಬಂತು. ಪಕ್ಕದಲ್ಲಿದ್ದ ಟಯರಿನ ಮೇಲೆ ಕೂತುಬಿಟ್ಟೆ. "ಮನೇಲಿ ಎಷ್ಟು ಜನ ಇದೀರಿ?" ಎಂದು ಕೇಳಿದೆ. ಜೀಪು ಕೆಟ್ಟರೆ ಮನೆಯವರ ಲೆಕ್ಕ ಯಾಕೆ ಕೇಳುತ್ತಾನೆ ಎಂದು ಆ ಹುಡುಗ ನನ್ನ ಮುಖವನ್ನೇ ನೋಡಿದ.

ನಮ್ಮ ಮನೆಯಲ್ಲಿ ನಾಲ್ಕು ಜನ ಇದ್ದೆವು. ಅಜ್ಜಿ, ಅಪ್ಪಯ್ಯ, ಅವ್ವ, ನಾನು. ಕೈಮರ ದಾಟಿ ಗಿರಿ ಹತ್ತುವ ರಸ್ತೆಯಲ್ಲಿ, ಅತ್ತಿಗುಂಡಿಗೆ ಇನ್ನೂ ಸ್ವಲ್ಪ ಕೆಳಗೆ, ಮೈ ಮುರಿದ ಹಾಗೆ ತಿರುಗುವ ಒಂದು ತಿರುವು. ಆ ತಿರುವಿನ ಒಳಮಗ್ಗುಲಲ್ಲಿ ನಮ್ಮ ಮನೆ. ಮನೆಯೆಂದರೆ ದೊಡ್ಡದೇನಲ್ಲ. ಮುಂದೊಂದು ಜಗಲಿ, ಎರಡು ಕೋಣೆ, ಹಿಂದೆ ಅಡುಗೆಮನೆ, ಅದರ ಹಿಂದೆ ಗುಡ್ಡ ಕಡಿದ ಧರೆ, ಧರೆಯ ಮೇಲೆ ನಮ್ಮ ಪಾಲಿಗೆ ಬಂದಿದ್ದ ಒಂದಿಷ್ಟು ಕಾಫಿ ಗಿಡ. ಜಗಲಿಯಿಂದ ಮೂರು ಹೆಜ್ಜೆ ಇಟ್ಟರೆ ರಸ್ತೆ. ಹೋಗಿ ಬರುವ ಗಾಡಿಗಳ ಧೂಳು ನಮ್ಮ ಜಗಲಿಯ ಮೇಲೆ, ಅವುಗಳ ಹಾರನ್ನು ನಮ್ಮ ಮಾತಿನ ನಡುವೆ. ಕೆಳಗಿನಿಂದ ಹತ್ತುವ ಗಾಡಿಗಳಿಗೆ ಅದು ಎಂಟನೆಯ ತಿರುವು. ಆಗಿನ ಗಾಡಿಗಳು ಏಳು ತಿರುವನ್ನು ಹೇಗೋ ಮುಗಿಸಿಕೊಂಡು ಎಂಟನೆಯದಕ್ಕೆ ಬಂದು ಕುದಿಯುತ್ತಿದ್ದವು. ಕಾರು, ಲಾರಿ, ಜೀಪು, ಯಾತ್ರೆಗೆ ಬಂದವರ ವ್ಯಾನು, ಎಲ್ಲವೂ ನಮ್ಮ ಮನೆಯ ಮುಂದೆಯೇ ಬಂದು ಹೊಗೆ ಬಿಟ್ಟು ನಿಲ್ಲುತ್ತಿದ್ದವು. ಧರೆಯಿಂದ ಒಸರುವ ನೀರನ್ನು ಅಡಿಕೆಮರದ ದಬ್ಬೆಯಲ್ಲಿ ಹರಿಸಿ ಒಂದು ಕಲ್ಲಿನ ಮರಿಗೆಗೆ ಬೀಳುವ ಹಾಗೆ ನಮ್ಮ ಅಜ್ಜನ ಕಾಲದಲ್ಲೇ ಮಾಡಿಟ್ಟಿದ್ದರು. ಹಗಲೂ ರಾತ್ರಿ ಅದರ ಸದ್ದು. ಆ ಸದ್ದಿಲ್ಲದೆ ನಿದ್ದೆ ಬರುವುದಿಲ್ಲವೆಂದು ನನಗೆ ಗೊತ್ತಾದದ್ದು ಮೊದಲ ಸಲ ಬೇರೆ ಊರಿನಲ್ಲಿ ಮಲಗಿದಾಗ.

ಮರಿಗೆಯ ನೀರಿಗೆ ಒಡತಿ ಅಜ್ಜಿ. ಮೂರು ತಿರುವು ಕೆಳಗೆ ಗಾಡಿ ಗೇರು ಬದಲಿಸುವ ಸದ್ದು ಕೇಳಿಯೇ, "ಇದು ನಿಲ್ತದೆ" ಅಥವಾ "ಇದು ಹೋಗ್ತದೆ" ಎಂದು ಹೇಳಿಬಿಡುತ್ತಿದ್ದಳು. ನಿಲ್ಲುವುದಾದರೆ ಕೊಡಪಾನ ತುಂಬಿಸಿ ರಸ್ತೆಯಂಚಿಗೆ ತಂದಿಡುತ್ತಿದ್ದಳು. ಆದರೆ ನೀರನ್ನು ಕೂಡಲೇ ಕೊಡುತ್ತಿರಲಿಲ್ಲ. ಅಜ್ಜಿಯದೊಂದು ಕಟ್ಟಳೆ ಇತ್ತು. ಡ್ರೈವರ್ ಇಳಿದು ಬಂದ ಕೂಡಲೇ ಅವನ ಕೈಗೆ ಎಲೆ, ಅಡಿಕೆ, ಸುಣ್ಣ. ಅವನು ಜಗಲಿಯ ಮೇಲೆ ಕೂತು ಅದನ್ನು ಪೂರ್ತಿ ಅಗಿದು, ಉಗಿದು, ಬಾಯಿ ಮುಕ್ಕಳಿಸಿದ ಮೇಲೆಯೇ ಬಾನೆಟ್ಟಿಗೆ ಕೈ ಹಾಕಬೇಕು. ಅವಸರದವರು ರೇಗುತ್ತಿದ್ದರು. "ಅಜ್ಜೀ, ಮೇಲೆ ಸಾಹುಕಾರ್ರು ಕಾಯ್ತಾ ಇದಾರೆ" ಎಂದರೆ, "ಕಾಯ್ಲಿ ಮಾರಾಯ, ಸಾಹುಕಾರ್ರಿಗೆ ನೀರು ಹೊಯ್ದ್ರೆ ಒಡಕು ಬಿಡಲ್ಲ, ಇದಕ್ಕೆ ಬಿಡ್ತದೆ" ಎನ್ನುತ್ತಿದ್ದಳು. ಕಾದ ಇಂಜಿನ್ನಿಗೆ ತಣ್ಣೀರು ಬಿದ್ದರೆ ಹೆಡ್ಡು ಬಿರಿಯುತ್ತದೆ ಎನ್ನುವುದನ್ನು ಅವಳು ಯಾವ ಪುಸ್ತಕದಲ್ಲೂ ಓದಿದವಳಲ್ಲ. ಒಲೆಯ ಮೇಲೆ ಕಾದ ಮಣ್ಣಿನ ಮಡಕೆಗೆ ತಣ್ಣೀರು ಹೊಯ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು, ಅಷ್ಟೆ. ಈಗ ನಾನು ಪಾಠ ಹೇಳುವ ಹಾಗೆ ಗಿರಾಕಿಗಳಿಗೆ ಹೇಳುವ ಮೊದಲ ಮಾತೂ ಅದೇ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಅದನ್ನು ಮುಚ್ಚಿಟ್ಟುಕೊಂಡಿಲ್ಲ. ದೊಡ್ಡ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದವರ ಕಾರುಗಳೂ ನನ್ನ ಶೆಡ್ಡಿನ ಮುಂದೆ ನಿಂತಿವೆ. ನನ್ನ ಮೊದಲ ಮೇಷ್ಟ್ರು ಎಲೆಯಡಿಕೆ ಚೀಲದ ಆ ಅಜ್ಜಿ.

ಅಪ್ಪಯ್ಯನ ಹೆಸರು ಮಂಜೇಗೌಡ. ಎಸ್ಟೇಟೊಂದು ಮಾರಿಬಿಟ್ಟಿದ್ದ ಹಳೇ ಜೀಪನ್ನು ಕೊಂಡು ತಂದಿದ್ದ. ಅದಕ್ಕೊಂದು ಡೀಸೆಲ್ ಇಂಜಿನ್ ಕೂರಿಸಿ, ಹಿಂದೆ ಎರಡು ಉದ್ದ ಸೀಟು ಹಾಕಿಸಿದ. ಕಾಫಿ ಹಣ್ಣಾಗುವ ಕಾಲದಲ್ಲಿ ಗಿರಿಯ ಮೇಲಿನ ಎಸ್ಟೇಟಿಗೆ ಕೊಯ್ಲಿನ ಹೆಂಗಸರನ್ನು ಕೈಮರದಿಂದ ಬೆಳಗ್ಗೆ ಹತ್ತಿಸಿ, ಸಂಜೆ ಇಳಿಸುವ ಕೆಲಸ ಅವನದು. ನಮ್ಮ ಕಾಫಿ ಗಿಡಗಳು ಹೆಸರಿಗೆ ಮಾತ್ರ ಇದ್ದವು. ಮನೆ ನಿಂತಿದ್ದದ್ದು ಆ ಜೀಪಿನ ಮೇಲೆ. ಅಪ್ಪಯ್ಯ ಕಡಿಮೆ ಮಾತಿನವನು. ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲು ಜೀಪಿನ ನೀರು ನೋಡುತ್ತಿದ್ದ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದ. ಬೆರಳಿನ ಒಂದು ಗೆಣ್ಣಿನಷ್ಟು ಒಳಗೆ ಹೋದರೆ ಸರಿ, ಹೆಚ್ಚು ಹೋದರೆ ಬಿಗಿಸಬೇಕು. ರೇಡಿಯೇಟರಿನ ಮುಂದಿನ ಜಾಲರಿಯಲ್ಲಿ ಸಿಕ್ಕಿದ ಹುಳು, ಒಣಗಿದ ಎಲೆಗಳನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುತ್ತಿದ್ದ. ಒಂದು ಬೆಳಗ್ಗೆ ಜೀಪಿನ ಅಡಿಯ ಮಣ್ಣು ಒದ್ದೆಯಾಗಿತ್ತು. ರೇಡಿಯೇಟರಿನ ಕೆಳತೊಟ್ಟಿಯ ಹೊಲಿಗೆಯಲ್ಲಿ ಎಲ್ಲೋ ನೀರು ಜಿನುಗುತ್ತಿತ್ತು. ಬಿಚ್ಚಿ ಬೆಸುಗೆ ಹಾಕಿಸಬೇಕೆಂದರೆ ಜೀಪು ನಿಲ್ಲಬೇಕು, ಕೊಯ್ಲು ನಿಲ್ಲುವುದಿಲ್ಲ. ಸ್ಟ್ಯಾಂಡಿನಲ್ಲಿ ಬೇರೆ ಡ್ರೈವರುಗಳು ಹೇಳಿದರು, ಒಂದು ಚಮಚ ಅರಿಶಿನ ಹಾಕು, ತೂತು ತಾನಾಗಿ ಕಟ್ಟಿಕೊಳ್ತದೆ ಎಂದು. ನಮ್ಮ ಕಡೆ ಎಲ್ಲ ಡ್ರೈವರುಗಳಿಗೂ ಗೊತ್ತಿದ್ದ ಮದ್ದು ಅದು. ಗಾಯಕ್ಕೆ ಹಚ್ಚುವುದು, ಹೊಸಿಲಿಗೆ ಬಳಿಯುವುದು, ಸಾರಿಗೆ ಹಾಕುವುದು ಅದೇ ಆದಾಗ ಜೀಪಿಗೆ ಯಾಕಾಗಬಾರದು? ಅಪ್ಪಯ್ಯ ಅವ್ವನ ಕೈಯಿಂದ ಒಂದು ಚಮಚ ಇಸಿದುಕೊಂಡು ನಮ್ಮೆಲ್ಲರ ಎದುರಿಗೇ ಹಾಕಿದ. ಮಾರನೆಯ ದಿನ ಅಡಿಯ ಮಣ್ಣು ಒಣಗಿತ್ತು. ಅಜ್ಜಿ ಜೀಪಿನ ಮೂತಿ ಸವರಿ ದೃಷ್ಟಿ ತೆಗೆದಳು.

ಎಂಟು ಹತ್ತು ದಿನ ಚೆನ್ನಾಗಿತ್ತು. ಆಮೇಲೆ ಒಂದು ಬೆಳಗ್ಗೆ, ಹಿಂದೆ ಹದಿನೈದು ಜನ ಹೆಂಗಸರನ್ನು ತುಂಬಿಕೊಂಡು ಹತ್ತುತ್ತಿದ್ದ ಅಪ್ಪಯ್ಯನ ಜೀಪು ನಮ್ಮ ಮನೆಯ ಮುಂದೆಯೇ ಕುದಿದು ನಿಂತಿತು. ಊರಿನವರ ಗಾಡಿಗಳೆಲ್ಲ ನಿಲ್ಲುವ ಜಾಗದಲ್ಲಿ ನಮ್ಮದೂ ನಿಂತಿತು. ಅಜ್ಜಿ ತನ್ನ ಮಗನಿಗೂ ಎಲೆಯಡಿಕೆ ಕೊಟ್ಟು ಕೂರಿಸಿದಳು. ಮತ್ತೆ ಎರಡು ದಿನ ಬಿಟ್ಟು ನಿಂತಿತು. ಆಮೇಲೆ ದಿನಾ. ಹೆಂಗಸರು ಎಸ್ಟೇಟು ಮುಟ್ಟುವಾಗ ಹೊತ್ತು ಏರಿರುತ್ತಿತ್ತು. ಹಣ್ಣು ಗಿಡದಲ್ಲೇ ಒಣಗುತ್ತಿದೆ, ಉದುರುತ್ತಿದೆ ಎಂದು ಮೇಲಿನಿಂದ ಮಾತು ಬಂತು. ಒಂದು ಶನಿವಾರ ಎಸ್ಟೇಟಿನ ಆಳು-ಲೆಕ್ಕ ನೋಡುವ ರೈಟರ್ ಶೇಷಪ್ಪನವರು ಮೋಟಾರ್ ಸೈಕಲ್ಲಿನಲ್ಲಿ ಇಳಿದು ಬಂದವರು ನಮ್ಮ ಜಗಲಿಗೆ ಹತ್ತಲಿಲ್ಲ. ರಸ್ತೆಯಲ್ಲೇ ಒಂದು ಕಾಲೂರಿ ನಿಂತು ಹೇಳಿದರು. "ಮಂಜೇಗೌಡ್ರೇ, ನಿಮ್ಮ ಮೇಲೆ ನಂಗೆ ಬೇಜಾರಿಲ್ಲ. ಆದ್ರೆ ಸೋಮವಾರ ಏಳೂವರೆಗೆ ಆಳು ಗಿಡದ ಬುಡದಲ್ಲಿ ಇರ್ಬೇಕು. ಜೀಪು ಇನ್ನೊಂದು ಸಲ ಇಲ್ಲಿ ನಿಂತ್ರೆ ಮಂಗಳವಾರದಿಂದ ಕೆಳಗಿನ ವ್ಯಾನಿನೋರು ಬರ್ತಾರೆ." ಅಪ್ಪಯ್ಯ "ನಿಲ್ಲಲ್ಲ" ಎಂದ. ಅಷ್ಟೇ ಅಂದದ್ದು. ರೈಟರು ಹೋದ ಮೇಲೆ ಅವ್ವ ಅಡುಗೆಮನೆಯಿಂದ ಬಂದು, "ಯಾವ ಧೈರ್ಯದ ಮೇಲೆ ಹಂಗಂದ್ರಿ?" ಎಂದು ಕೇಳಿದಳು. "ಯಾಕೆ ನಿಲ್ತದೆ ಅಂತ ಹುಡುಕ್ತೀನಿ. ಸಿಕ್ಕೇ ಸಿಗ್ತದೆ" ಎಂದ ಅಪ್ಪಯ್ಯ.

ಭಾನುವಾರ ಬೆಳಗಾದ ಕೂಡಲೇ ಶುರು ಮಾಡಿದ. ಅವತ್ತು ಅವನು ಮಾಡಿದ ಕ್ರಮವೇ ಇವತ್ತಿಗೂ ನನ್ನ ಕ್ರಮ. ಮೊದಲು ನೀರು ನೋಡಿದ. ನೀರು ಪೂರ್ತಿ ಇತ್ತು. ಒಂದು ಲೋಟದಷ್ಟೂ ಕಡಿಮೆಯಾಗಿರಲಿಲ್ಲ. ನೀರು ಸೋರಿ ಬಿಸಿಯಾದರೆ ಅರ್ಥವಿದೆ, ನೀರು ತುಂಬಿಯೂ ಬಿಸಿಯಾಗುವುದೆಂದರೆ ಏನೆಂದು ಸ್ವಲ್ಪ ಹೊತ್ತು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತ. ಬೆಲ್ಟು ಒತ್ತಿ ನೋಡಿದ, ಬಿಗಿಯಿತ್ತು. ನೀರಿನ ಪಂಪಿನ ಕೆಳಗೆ ಬೆರಳಿಟ್ಟು ನೋಡಿದ, ಒಣಗಿತ್ತು. ಇಂಜಿನ್ ಚಾಲೂ ಮಾಡಿ ಮುಚ್ಚಳ ತೆಗೆದು ಗುಳ್ಳೆ ಏಳುತ್ತದೆಯೇ ನೋಡಿದ. ಎದ್ದರೆ ಹೆಡ್ಡಿನ ಗ್ಯಾಸ್ಕೆಟ್ ಹೋಗಿದೆಯೆಂದು ಅರ್ಥ. ಆಗ ಸೋಮವಾರದ ಆಸೆ ಬಿಡಬೇಕು. ಗುಳ್ಳೆ ಏಳಲಿಲ್ಲ. ಅಪ್ಪಯ್ಯ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆಮೇಲೆ ಥರ್ಮೋಸ್ಟಾಟನ್ನು ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಬಂದ. ಇಂಜಿನ್ ಕಾಯುವ ತನಕ ನೀರಿಗೆ ಬಾಗಿಲು ಮುಚ್ಚಿ, ಕಾದ ಮೇಲೆ ತೆರೆಯುವ ಒಂದು ಚಿಕ್ಕ ಹಿತ್ತಾಳೆ ಸಾಮಾನು ಅದು. ಆ ಬಾಗಿಲು ತೆರೆಯದೆ ಕೂತರೆ ನೀರು ರೇಡಿಯೇಟರಿಗೆ ಹೋಗುವುದೇ ಇಲ್ಲ. ಅವ್ವ ಅನ್ನಕ್ಕಿಟ್ಟಿದ್ದ ಎಸರಿನ ಪಾತ್ರೆಯನ್ನು ತೋರಿಸಿ, "ಇದರೊಳಗೆ ಬಿಡ್ಲಾ?" ಎಂದ. "ಅದು ಅನ್ನದ್ದು. ಇನ್ನೊಂದು ಇಡ್ತೀನಿ ತಡೀರಿ" ಎಂದಳು ಅವ್ವ. ಹಳೇ ಪಾತ್ರೆಯಲ್ಲಿ ನೀರು ಕಾಯಲಿಟ್ಟು ಥರ್ಮೋಸ್ಟಾಟನ್ನು ದಾರದಲ್ಲಿ ಇಳಿಬಿಟ್ಟರು. ನಾವು ನಾಲ್ಕೂ ಜನ ಒಲೆಯ ಸುತ್ತ ಕೂತೆವು. ಪಾತ್ರೆಯ ತಳದಲ್ಲಿ ಸಣ್ಣ ಸಣ್ಣ ಗುಳ್ಳೆ ಹುಟ್ಟಿದವು. ನೀರು ಗುನುಗತೊಡಗಿತು. ಇನ್ನೇನು ಮಳ್ಳಬೇಕು ಎನ್ನುವಾಗ ಆ ಹಿತ್ತಾಳೆಯ ಬಾಗಿಲು, ಯಾರೂ ಮುಟ್ಟದೆ, ನಿಧಾನಕ್ಕೆ ತೆರೆದುಕೊಂಡಿತು. "ಬಾಯಿ ಬಿಡ್ತು ನೋಡು, ಹಸಿದ ಮಗೂ ಹಂಗೆ" ಎಂದಳು ಅಜ್ಜಿ. ಅಪ್ಪಯ್ಯ ಮಾತ್ರ ನಗಲಿಲ್ಲ. ಅದು ಸರಿಯಿದೆ ಎಂದರೆ ಕೆಟ್ಟದ್ದು ಬೇರೆ ಎಲ್ಲೋ ಇದೆ.

ಥರ್ಮೋಸ್ಟಾಟನ್ನು ಇದ್ದ ಜಾಗಕ್ಕೆ ಕೂರಿಸಿ ಇಂಜಿನ್ ಚಾಲೂ ಮಾಡಿದ. ಸ್ವಲ್ಪ ಹೊತ್ತು ಬಿಟ್ಟು, ರೇಡಿಯೇಟರಿಗೆ ಇಂಜಿನ್ನಿನಿಂದ ನೀರು ಬರುವ ಮೇಲಿನ ಪೈಪನ್ನು ಹಿಡಿದು ಕೈ ಹಿಂದೆಗೆದುಕೊಂಡ. ಆಮೇಲೆ ಕೆಳಗಿನ ಪೈಪು ಹಿಡಿದ. ಹಿಡಿದ ಕೈ ಬಿಡಲಿಲ್ಲ. "ಬಾ ಇಲ್ಲಿ, ಮುಟ್ಟು" ಎಂದು ನನ್ನನ್ನು ಕರೆದ. ಮೇಲಿನದು ಸುಡುತ್ತಿತ್ತು, ಕೆಳಗಿನದು ದಬ್ಬೆಯ ನೀರಿನ ಹಾಗೆ ತಣ್ಣಗಿತ್ತು. ಮೇಲಿನಿಂದ ಬಂದ ನೀರು ಕೆಳಗೆ ಇಳಿಯುತ್ತಿಲ್ಲ. ಜೀಪಿನ ಹೊಟ್ಟೆ ಕಟ್ಟಿದೆ. ನಾನು ಕೂಡಲೇ ಬೆರಳುಗಳನ್ನು ಚಡ್ಡಿಗೆ ಒರೆಸಿಕೊಂಡೆ. ಯಾಕೆಂದು ಆಮೇಲೆ ಹೇಳುತ್ತೇನೆ.

ರೇಡಿಯೇಟರು ಬಿಚ್ಚಿ ಹೆಗಲಿಗಿಟ್ಟುಕೊಂಡು ಅಪ್ಪಯ್ಯ ಹೊರಟ, ಹಿಂದೆ ನಾನು. ಇಳಿಯುವ ಲಾರಿಯೊಂದು ಹತ್ತಿಸಿಕೊಂಡಿತು. ಕೈಮರದಲ್ಲಿ ಪಾಸ್ಕಲ್ ಮೇಸ್ತ್ರಿಯ ಬೆಸುಗೆ ಶೆಡ್ಡು. ಅವರು ಚರ್ಚಿನಿಂದ ಆಗಷ್ಟೇ ಬಂದು, ಬಿಳಿ ಅಂಗಿ ಬಿಚ್ಚದೆ ಊಟಕ್ಕೆ ಕೂರುವವರಿದ್ದರು. "ಭಾನುವಾರ ನಾನು ಕೆಲಸಕ್ಕೆ ಕೂರಲ್ಲ ಗೌಡ್ರೇ, ನಿಮಗೆ ಗೊತ್ತಲ್ಲ" ಎಂದರು. ಅಪ್ಪಯ್ಯ ರೇಡಿಯೇಟರನ್ನು ಅಂಗಳದಲ್ಲಿಟ್ಟು, ಅದರ ಬಾಯಿಗೆ ನೀರು ಹೊಯ್ದ. ಹೊಯ್ದ ನೀರು ಹಾಗೇ ನಿಂತಿತು. ಮೇಸ್ತ್ರಿ ಅದನ್ನು ನೋಡಿದರು, ಅಪ್ಪಯ್ಯನ ಮುಖ ನೋಡಿದರು, ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿದರು. ಜ್ವಾಲೆ ಹಿಡಿದು ಮೇಲಿನ ಕೆಳಗಿನ ಎರಡೂ ತೊಟ್ಟಿಗಳ ಬೆಸುಗೆ ಕರಗಿಸಿ ತೆಗೆದರು. ಒಳಗೆ ಮೂರು ಸಾಲು ಚಪ್ಪಟೆ ಕೊಳವೆಗಳು. ಒಂದರ ಬಾಯಿಯೂ ಕಾಣುತ್ತಿರಲಿಲ್ಲ. ಎಲ್ಲದರ ಮೇಲೆ ಗಟ್ಟಿಯಾದ ಹಳದಿ ಮಡ್ಡಿ. ಪಾಸ್ಕಲ್ ಮೇಸ್ತ್ರಿ ಬೆರಳಿನಿಂದ ಒಂದಿಷ್ಟು ಕೆರೆದು ಮೂಸಿ, "ಇದ್ರೊಳಗೆ ಸಾರು ಮಾಡಿದ್ದು ಯಾರ್ರೀ?" ಎಂದರು. "ಒಂದು ಚಮಚ ಹಾಕಿದ್ದೆ" ಎಂದ ಅಪ್ಪಯ್ಯ. "ಒಂದು ಚಮಚದ್ದಲ್ಲ ಇದು. ಮದುವೆಮನೆ ಅಡುಗೆ. ಬೇಳೆ ಒಂದು ಹಾಕೋದು ಬಾಕಿ." ಆಮೇಲೆ ಹೇಳಿದರು, "ನೋಡಿ, ಬಿಚ್ಚಿದ್ದೀನಿ. ಕೊಳವೆ ಒಂದೊಂದಾಗಿ ಕಡ್ಡಿಲಿ ಕುತ್ತಿ ತೆಗೆಯೋದು ಇಡೀ ದಿನದ ಕೆಲಸ, ಅದು ನನ್ನ ಕೈಲಿ ಇವತ್ತು ಆಗಲ್ಲ. ನೀವೇ ಕುತ್ತಿ ತನ್ನಿ. ಹೊತ್ತು ಮುಳುಗೋದ್ರೊಳಗೆ ತಂದ್ರೆ ಬೆಸುಗೆ ಹಾಕಿ ಕೊಡ್ತೀನಿ. ದೇವರ ಹತ್ರ ನಾನು ಮಾತಾಡ್ಕೋತೀನಿ."

ಗಿರಿ ಹತ್ತುವ ಇನ್ನೊಂದು ಲಾರಿಯಲ್ಲಿ ವಾಪಸು ಬರುವಾಗ ನಾನು ಬಾಯಿ ಬಿಟ್ಟೆ. ಜೀಪು ನಿಲ್ಲಲು ಶುರುವಾದ ಮೇಲೆ, ಅಪ್ಪಯ್ಯ ಸ್ನಾನಕ್ಕೆ ಹೋದಾಗ, ದಿನಾ ಒಂದು ಚಿಟಿಕೆ ಹಾಕುತ್ತಿದ್ದೆ ಎಂದೆ. ಮೊದಲು ಚಿಟಿಕೆ, ಆಮೇಲೆ ಮುಷ್ಟಿ. ನೀರು ಸೋರಿಯೇ ಜೀಪು ಕುದಿಯುತ್ತದೆಂದು ನಾನು ತಿಳಿದಿದ್ದೆ. ತೊಟ್ಟಿ ಬಿಚ್ಚಿದ ರೇಡಿಯೇಟರು ನಮ್ಮಿಬ್ಬರ ಮೊಣಕಾಲ ಮೇಲಿತ್ತು. ಅಪ್ಪಯ್ಯ ಹೊಡೆಯುತ್ತಾನೆಂದು ಕಾದೆ. ಅವನು ರಸ್ತೆ ನೋಡುತ್ತಾ, "ನೀನು ಅಷ್ಟು ಹಾಕಿದ್ರೂ ಮಡ್ಡಿ ಇಷ್ಟು ಆಗಲ್ವಲ್ಲೋ" ಎಂದ. ಮನೆಗೆ ಬಂದು ಹಳದಿ ಮಡ್ಡಿ ಕಟ್ಟಿದ ರೇಡಿಯೇಟರನ್ನು ಜಗಲಿಯ ಮೇಲೆ ಇಟ್ಟ. ಅವ್ವ ನೋಡಿದಳು. ನೋಡಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ಅವಳು ಬೆಳಗ್ಗೆ ಹೊಸಿಲು ಬಳಿದು ಉಳಿದ ಅರಿಶಿನವನ್ನು ದಿನಾ ಜೀಪಿನ ಬಾಯಿಗೆ ಹಾಕುತ್ತಿದ್ದಳು. "ನಾಲ್ಕು ಜನರ ಎದುರು ನೀವು ನಿಂತಿರೋದು ನೋಡಕ್ಕಾಗ್ತಿರಲಿಲ್ಲ" ಎಂದಳು. ಕೊನೆಗೆ ಅಜ್ಜಿ. ಅವಳು ಎಲೆಯಡಿಕೆ ಚೀಲ ಬಿಚ್ಚುತ್ತಾ, ಏನೂ ಆಗಿಲ್ಲವೆನ್ನುವ ಹಾಗೆ, "ನಾನು ಮಣ್ಣು ಒಣಗಿದ ವಾರದಿಂದ್ಲೇ ಮಂಗಳವಾರ, ಶುಕ್ರವಾರ ಎರಡೇ ದಿನ ಹಾಕ್ತಿದ್ದೆ. ಕೈಮುಗಿದು ಹಾಕಿದ್ದೀನಿ" ಎಂದಳು. "ಎಷ್ಟು?" ಎಂದ ಅಪ್ಪಯ್ಯ. "ಒಂದು ಬಟ್ಟಲು."

ಅಪ್ಪಯ್ಯ ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ. ಮುಖ ಬಿಗಿದುಕೊಂಡೇ ಇತ್ತು. ಒಳಗೆ ಹೋಗಿ, ಸಾಮಾನಿನ ಪೆಟ್ಟಿಗೆಗೆ ಬಿಗಿದು ಬಂದಿದ್ದ ಉಕ್ಕಿನ ಪಟ್ಟಿ ತಂದು, ಕತ್ತರಿಯಿಂದ ಸಣ್ಣಗೆ ಮೂರು ಕಡ್ಡಿ ಸೀಳಿ, ತುದಿಯನ್ನು ಕಲ್ಲಿಗೆ ಉಜ್ಜಿ ನಯ ಮಾಡಿ ನಮ್ಮ ಕೈಗೆ ಒಂದೊಂದು ಕೊಟ್ಟ. "ಮೂರು ಸಾಲು ಇದೆ, ಮೂರು ಜನ ಇದೀರಿ. ಹಾಕಿದೋರೇ ತೆಗೀರಿ. ನಂದು ಒಂದು ಚಮಚ, ನಾನು ನೀರು ಹೊಯ್ತೀನಿ."

ಆ ಭಾನುವಾರದ ಮಧ್ಯಾಹ್ನವನ್ನು ನಾನು ಈಗಲೂ ಕಣ್ಣು ಮುಚ್ಚದೆಯೇ ನೋಡಬಲ್ಲೆ. ಚಳಿಗಾಲದ ತೆಳು ಬಿಸಿಲು. ಮರಿಗೆಯ ಪಕ್ಕ ಎರಡು ಕಲ್ಲುಗಳ ಮೇಲೆ ನಿಲ್ಲಿಸಿದ ರೇಡಿಯೇಟರು. ಅದರ ಸುತ್ತ ಗೋಣಿ ಹಾಸಿಕೊಂಡು ಅಜ್ಜಿ, ಅವ್ವ, ನಾನು. ಕಡ್ಡಿಯನ್ನು ಕೊಳವೆಯ ಬಾಯಿಗೆ ಇಟ್ಟು ಒಂದು ಬೆರಳಿನಷ್ಟು ಒತ್ತಿ, ಎಳೆದು, ನೀರು ಹೊಯ್ಸಿ, ಮತ್ತೆ ಒತ್ತಬೇಕು. ಗೋಡೆ ತೆಳು, ಅವಸರ ಮಾಡಿದರೆ ಹರಿಯುತ್ತದೆ. ಅವ್ವನದು ಒಂದೇ ಸಮನೆ ಕೆಲಸ, ತಲೆ ಎತ್ತುತ್ತಿರಲಿಲ್ಲ. ಊಟಕ್ಕೂ ಏಳಲಿಲ್ಲ. ಅಜ್ಜಿಯದು ನಿಧಾನ, ಆದರೆ ಅವಳ ಕಡ್ಡಿ ಎಲ್ಲೂ ಅಡ್ಡ ಹೋಗುತ್ತಿರಲಿಲ್ಲ. ನಾನು ಅವಳಿಗಿಂತ ಮುಂದೆ ಹೋಗಬೇಕೆಂದು ಜೋರಾಗಿ ಒತ್ತಿದೆ. ಕಡ್ಡಿ ಸರ್ರನೆ ಪಕ್ಕಕ್ಕೆ ನುಗ್ಗಿತು. ಒಂದು ಕೊಳವೆ ಹರಿದಿತ್ತು. ನನಗೆ ಅಳು ತಡೆಯಲಾಗಲಿಲ್ಲ. "ಅಳೋಕೆ ಸಂಜೆ ಮೇಲೆ ಪುರುಸೊತ್ತಿದೆ, ಈಗ ಕುತ್ತು ಮಗಾ" ಎಂದಳು ಅಜ್ಜಿ. ಪ್ರತಿ ಕೊಳವೆ ತೆರೆದಾಗಲೂ ಅಪ್ಪಯ್ಯ ಮೇಲಿನಿಂದ ಹೊಯ್ದ ನೀರು ಮೊದಲು ಹಳದಿಯಾಗಿ, ಆಮೇಲೆ ಕೆಂಪಾಗಿ, ಕೊನೆಗೆ ತಿಳಿಯಾಗಿ ಕೆಳಗೆ ಇಳಿಯುತ್ತಿತ್ತು. ಅಂಗಳದಿಂದ ರಸ್ತೆಯವರೆಗೆ ಹಳದಿ ಹರಿದಿತ್ತು. ಮೇಲೆ ಹೋಗುತ್ತಿದ್ದ ಕಾರಿನವರು ಗಾಜು ಇಳಿಸಿ, ಏನು ಹಬ್ಬ ಎಂದು ಕೇಳಿದರು. ನಾವು ಕುತ್ತುತ್ತಲೇ ಇದ್ದೆವು.

ಬಿಸಿಲು ಕೆಂಪಾಗುವ ಹೊತ್ತಿಗೆ ಅಪ್ಪಯ್ಯ ಕೆಳಗಿಳಿದು ಹೋದ. ಪಾಸ್ಕಲ್ ಮೇಸ್ತ್ರಿ ನಾನು ಹರಿದಿದ್ದ ಕೊಳವೆಯ ಎರಡೂ ಬಾಯಿ ಹಿಸುಕಿ ಬೆಸುಗೆ ಹಾಕಿ, ಒಂದು ಹೋದರೆ ಹೋಗಲಿ ಎಂದರಂತೆ. ಕೆಳತೊಟ್ಟಿಯ ಹೊಲಿಗೆಯಲ್ಲಿ ಮೊದಲು ಸೋರಿದ್ದ ಜಾಗವನ್ನೂ ಹುಡುಕಿ ಮುಚ್ಚಿದರಂತೆ. ಅದು ಸೂಜಿಯ ಮೊನೆಯಷ್ಟು ಇತ್ತಂತೆ. ಅಷ್ಟು ಸಣ್ಣ ತೂತಿಗೆ ನಾವು ನಾಲ್ಕು ಜನ ಸೇರಿ ಅಷ್ಟು ದೊಡ್ಡ ಮದ್ದು ಮಾಡಿದ್ದೆವು. ಒಬ್ಬರಾದರೂ ಇನ್ನೊಬ್ಬರಿಗೆ ಹೇಳಿದ್ದರೆ ಹೀಗಾಗುತ್ತಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಒಬ್ಬರ ಮೇಲೆ ಒಬ್ಬರಿಗಿದ್ದ ಕಾಳಜಿಯನ್ನು ಬಾಯಿಬಿಟ್ಟು ಹೇಳುವ ರೂಢಿಯೇ ಇರಲಿಲ್ಲ. ಕಾಣದ ಹಾಗೆ ಮಾಡಿ, ಸುಮ್ಮನಿದ್ದುಬಿಡುತ್ತಿದ್ದೆವು.

ಸೋಮವಾರ ಬೆಳಗ್ಗೆ ಅಪ್ಪಯ್ಯ ಇನ್ನೂ ಮಂಜು ಹರಿಯುವ ಮೊದಲೇ ಇಳಿದು ಹೋಗಿದ್ದ. ಅವ್ವ, ನಾನು ಜಗಲಿಯಲ್ಲಿ ನಿಂತಿದ್ದೆವು. ಅಜ್ಜಿ ಕೊಡಪಾನ ತುಂಬಿಸಿ, ಎಲೆಗೆ ಸುಣ್ಣ ಹಚ್ಚಿ ಮಡಚಿ, ರಸ್ತೆಯಂಚಿನಲ್ಲಿ ನಿಂತಿದ್ದಳು. ಮಗನ ಜೀಪಿಗೂ ಅವಳ ಕಟ್ಟಳೆ ಒಂದೇ. ಮೂರು ತಿರುವು ಕೆಳಗೆ ಗೇರು ಬದಲಾಯಿತು. ಅವ್ವ ಅಜ್ಜಿಯ ಮುಖ ನೋಡಿದಳು. ಅಜ್ಜಿ ಏನೂ ಹೇಳಲಿಲ್ಲ. ಅವಳು ಹೇಳದೇ ಇದ್ದದ್ದು ಅದೊಂದೇ ಸಲ. ಎರಡು ತಿರುವು. ಒಂದು. ಆಮೇಲೆ ಮಂಜಿನೊಳಗಿಂದ ಜೀಪಿನ ಮೂತಿ ಬಂತು. ಹೊಗೆಯಿಲ್ಲ, ಹಬೆಯಿಲ್ಲ, ವಾಸನೆಯಿಲ್ಲ. ಅಪ್ಪಯ್ಯ ನಮ್ಮ ಕಡೆ ತಿರುಗಲೇ ಇಲ್ಲ, ಕತ್ತು ನೆಟ್ಟಗೆ ಇಟ್ಟುಕೊಂಡು ತಿರುವು ಎಳೆದ. ಹಿಂದಿನ ಸೀಟಿನಿಂದ ಒಬ್ಬಳು ತಲೆ ಹೊರಹಾಕಿ, "ಅಜ್ಜೀ, ಇವತ್ತು ನಿಮ್ ಎಲೆ ಉಳೀತು" ಎಂದು ಕೂಗಿದಳು. ಹೆಂಗಸರ ನಗು ತಿರುವಿನ ಆಚೆಗೆ ಹೋಗುವವರೆಗೂ ಕೇಳಿಸುತ್ತಿತ್ತು. ಅವ್ವ ಒಳಗೆ ಹೋಗಿ ಒಲೆ ಊದಿದಳು. ಕಣ್ಣಿಗೆ ಹೊಗೆ ಹೋಯಿತೆಂದಳು. ಅಜ್ಜಿ ಮಾತ್ರ ಸುಮಾರು ಹೊತ್ತು ಅಲ್ಲೇ ನಿಂತಿದ್ದಳು. ಆಮೇಲೆ ಮಡಚಿಟ್ಟಿದ್ದ ಎಲೆಯನ್ನು ತಾನೇ ಬಾಯಿಗೆ ಹಾಕಿಕೊಂಡು, ಕೊಡಪಾನದ ನೀರನ್ನು ರಸ್ತೆಯ ಮೇಲಿನ ಹಳದಿ ಕಲೆಗೆ ಹೊಯ್ದಳು.

ರೈಟರು ಆ ಕೊಯ್ಲಿಗೆ ವ್ಯಾನು ಕರೆಸಲಿಲ್ಲ. ಆಮೇಲಿನ ಎಷ್ಟೋ ಕೊಯ್ಲಿಗೂ ಕರೆಸಲಿಲ್ಲ. ಏಳನೇ ಕ್ಲಾಸು ಮುಗಿದ ಕೂಡಲೇ ನಾನು ಪಾಸ್ಕಲ್ ಮೇಸ್ತ್ರಿಯ ಶೆಡ್ಡು ಸೇರಿದೆ. ಓದಲು ಬರುತ್ತಿರಲಿಲ್ಲವೆಂದಲ್ಲ. ಕೆಳಗಿನ ಪೈಪು ತಣ್ಣಗಿರುವುದನ್ನು ಕೈಯಿಂದ ತಿಳಿದುಕೊಂಡ ಮೇಲೆ ನನಗೆ ಬೇರೆ ಏನನ್ನೂ ಅಷ್ಟು ತಿಳಿಯಬೇಕೆನಿಸಲಿಲ್ಲ. ಅಜ್ಜಿ ಹೋದಳು. ಅಪ್ಪಯ್ಯ ಹೋದ. ರಸ್ತೆ ಅಗಲ ಮಾಡುವಾಗ ಮನೆ ಹೋಯಿತು, ಧರೆ ಕಡಿದರು, ದಬ್ಬೆಯ ನೀರು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವ್ವ ಕೊನೆಯ ತನಕ ನನ್ನ ಜೊತೆಗಿದ್ದಳು. ಶೆಡ್ಡಿಗೆ ಬಂದರೆ ಹೊಸ ಕಾರುಗಳ ಹಸಿರು ಕೂಲೆಂಟನ್ನು ನೋಡಿ, ಇದು ಯಾವ ಸೊಪ್ಪಿನ ರಸ ಎಂದು ಕೇಳುತ್ತಿದ್ದಳು. ಈಗಿನ ಗಾಡಿಗಳು ಎಂಟನೆಯ ತಿರುವಿನಲ್ಲಿ ಕುದಿಯುವುದಿಲ್ಲ. ಹತ್ತುವವರಿಗೆ ಅದು ಎಂಟನೆಯದೆಂದು ಗೊತ್ತಿರುವುದೂ ಇಲ್ಲ.

ಜಾವಳಿಯ ಹುಡುಗನ ಮನೆಯಲ್ಲಿ ಐದು ಜನವಂತೆ. ಫೋನು ಮಾಡಿ ಕೇಳಿದ. ಅವನ ತಾಯಿ ಒಪ್ಪಿಕೊಂಡರು, ತಂಗಿಯೂ ಒಪ್ಪಿಕೊಂಡಳು. ಅವನು ಫೋನಿನಲ್ಲೇ ಬೈಯಲು ಹೊರಟಾಗ ನಾನು ಕೈ ಅಡ್ಡ ಹಿಡಿದೆ. ರೇಡಿಯೇಟರಿನ ತೊಟ್ಟಿ ಬಿಚ್ಚಿ, ಸಾಲು ಸಾಲಾಗಿ ಕುತ್ತಿದೆ. ಶೆಡ್ಡಿನ ಹುಡುಗರಿಗೆ ಕೊಡಲಿಲ್ಲ, ನಾನೇ ಕೂತೆ. ಎರಡು ದಿನ ಹಿಡಿಯಿತು. ಒಂದು ಕೊಳವೆಯೂ ಹರಿಯಲಿಲ್ಲ. ಮೂರನೆಯ ದಿನ ಬೆಳಗ್ಗೆ ಜೀಪನ್ನು ಗಿರಿಯ ಕಡೆ ಪರೀಕ್ಷೆಗೆ ತೆಗೆದುಕೊಂಡು ಹೋದೆ. ರಿಪೇರಿಯಾದ ಪ್ರತಿ ಗಾಡಿಯನ್ನೂ ಹಾಗೆ ಹತ್ತಿಸಿ ನೋಡದೆ ನಾನು ಕೊಡುವುದಿಲ್ಲ. ಏಳು ತಿರುವು ಸದ್ದಿಲ್ಲದೆ ಹತ್ತಿತು. ಎಂಟನೆಯದರಲ್ಲಿ ನಿಲ್ಲಿಸಿದೆ. ಬಾನೆಟ್ ಎತ್ತಿ ಮೇಲಿನ ಪೈಪು ಮುಟ್ಟಿದೆ, ಕೆಳಗಿನ ಪೈಪು ಮುಟ್ಟಿದೆ. ಎರಡೂ ಇರಬೇಕಾದ ಹಾಗೆ ಇದ್ದವು. ಹಿಂದೆ ಬಂದ ಕಾರಿನವರೊಬ್ಬರು ಗಾಜು ಇಳಿಸಿ, "ಗಾಡಿ ಬಿಸಿ ಆಯ್ತಾ? ನೀರು ಬೇಕಾ?" ಎಂದು ಕೇಳಿದರು. ಏನೂ ಆಗಿಲ್ಲವೆಂದೆ. ಅವರು ಹೋದ ಮೇಲೆ ಜೇಬಿನಿಂದ ಎಲೆ ತೆಗೆದು, ಸುಣ್ಣ ಹಚ್ಚಿ, ಅಡಿಕೆಯಿಟ್ಟು ಮಡಚಿ ಬಾಯಿಗೆ ಹಾಕಿಕೊಂಡೆ. ಪೂರ್ತಿ ಅಗಿದು ಮುಗಿಯುವ ತನಕ ಧರೆಯ ಕಡೆ ಮುಖ ಮಾಡಿ ಕೂತಿದ್ದು, ಆಮೇಲೆ ಜೀಪು ಹತ್ತಿದೆ.